ಶಾಲೆಯಲ್ಲಿ ಪೂಜೆ, ಪ್ರಾರ್ಥನೆ, ಹಬ್ಬ: ಕಾನೂನಿನ ಗೆರೆ ಎಲ್ಲಿದೆ?

ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಮೂರು ವರ್ಷ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸದಸ್ಯನಾಗಿದ್ದೆ. ಸೋರುವ ಚಾವಣಿ, ಬಿಸಿಯೂಟದ ಬೇಳೆ ಬಿಟ್ಟರೆ ಜಾಸ್ತಿ ಮಾತು ಬಂದದ್ದು ಶುಕ್ರವಾರದ ಪೂಜೆಯ ಬಗ್ಗೆ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಶಾರದೆಯ ಫೋಟೋಗೆ ಹೂವು, ಊದುಬತ್ತಿ. ಆಮೇಲೆ ಸಾಲಾಗಿ ಎಲ್ಲ ಮಕ್ಕಳ ಹಣೆಗೂ ಕುಂಕುಮ, ಕೈಗೆ ಕಲ್ಲುಸಕ್ಕರೆ. ಒಂದು ದಿನ ಐದನೇ ಕ್ಲಾಸಿನ ಹುಡುಗನೊಬ್ಬ ತನ್ನ ಸರದಿ ಬಂದಾಗ ತಲೆ ಹಿಂದಕ್ಕೆ ಎಳೆದುಕೊಂಡ. ಮೇಷ್ಟ್ರು ಬೈಯಲಿಲ್ಲ, ಏನೂ ಅನ್ನಲಿಲ್ಲ. ಆದರೆ ಕಲ್ಲುಸಕ್ಕರೆ ತಟ್ಟೆ ಅವನ ಮುಂದೆ ನಿಲ್ಲದೆ ಪಕ್ಕದವನ ಹತ್ತಿರ ಹೋಯಿತು. ಸಂಜೆ ಅವರಪ್ಪ ನಮ್ಮನೆ ಜಗಲಿಗೆ ಬಂದು ಕೂತರು. "ಅಣ್ಣಾ, ಇದಕ್ಕೆಲ್ಲ ರೂಲ್ಸ್ ಏನಾದ್ರೂ ಇದೆಯಾ?"

ನನಗೆ ಗೊತ್ತಿರಲಿಲ್ಲ. ಅಲ್ಲಿಂದ ಹುಡುಕುತ್ತಾ ಹೋದೆ. ಕಂಡುಕೊಂಡದ್ದನ್ನು ಪೋಷಕರಿಗೆ, ಮೇಷ್ಟ್ರುಗಳಿಗೆ, ಎಸ್‌ಡಿಎಂಸಿಯವರಿಗೆ ಉಪಯೋಗವಾಗುವ ಹಾಗೆ ಇಲ್ಲಿ ಬರೆದಿದ್ದೇನೆ. ಕಾನೂನು ಕೇಳುವುದು ಯಾವ ದೇವರು, ಯಾವ ಧರ್ಮ ಅಂತ ಅಲ್ಲ. ಅದು ಎರಡೇ ಪ್ರಶ್ನೆ ಕೇಳುತ್ತದೆ. ಈ ಶಾಲೆ ಯಾರ ದುಡ್ಡಿನಲ್ಲಿ ನಡೆಯುತ್ತಿದೆ? ಬೇಡ ಅಂದ ಮಗು ಪಕ್ಕಕ್ಕೆ ನಿಲ್ಲಬಹುದಾ? ಇವೆರಡನ್ನು ಕೈಯಲ್ಲಿ ಹಿಡಿದುಕೊಂಡರೆ ಮುಕ್ಕಾಲು ಜಗಳ ಬಗೆಹರಿಯುತ್ತದೆ.

ಮೊದಲ ಹೆಜ್ಜೆ: ಶಾಲೆ ಯಾವ ಬಗೆಯದು ಅಂತ ನೋಡಿ

ಜನ ಇಲ್ಲೇ ಎಡವುತ್ತಾರೆ. ಖಾಸಗಿ ಶಾಲೆಗೆ ಅನ್ವಯಿಸುವುದನ್ನು ಸರ್ಕಾರಿ ಶಾಲೆಗೆ ಹಚ್ಚುತ್ತಾರೆ, ಅದನ್ನು ಇದಕ್ಕೆ ಹಚ್ಚುತ್ತಾರೆ. ಸಂವಿಧಾನದ 28ನೇ ವಿಧಿ ಶಾಲೆಗಳನ್ನು ದುಡ್ಡಿನ ಲೆಕ್ಕದಲ್ಲಿ ಬೇರೆಬೇರೆ ಮಾಡಿಟ್ಟಿದೆ.

ಪೂರ್ತಿ ಸರ್ಕಾರದ ದುಡ್ಡಿನಲ್ಲೇ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಕೂಡದು. ಇದು 28(1). ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆ, ಪ್ರೌಢಶಾಲೆ, ಮೊರಾರ್ಜಿ ದೇಸಾಯಿ ವಸತಿ ಶಾಲೆ ಎಲ್ಲ ಇದರೊಳಗೆ ಬರುತ್ತವೆ. ಪೋಷಕರೆಲ್ಲ ಸೇರಿ ಒಪ್ಪಿದರೂ, ಗ್ರಾಮಸಭೆ ಠರಾವು ಮಾಡಿದರೂ ಇದು ಬದಲಾಗುವುದಿಲ್ಲ.

ಯಾರೋ ದಾನಿಗಳು ದತ್ತಿ ಅಥವಾ ಟ್ರಸ್ಟ್ ಮಾಡಿ, ಇಲ್ಲಿ ಧರ್ಮಬೋಧನೆ ನಡೆಯಲೇಬೇಕು ಅಂತ ಷರತ್ತು ಹಾಕಿದ್ದು, ಆಡಳಿತ ಮಾತ್ರ ಸರ್ಕಾರದ ಕೈಯಲ್ಲಿದ್ದರೆ ಅದಕ್ಕೆ ವಿನಾಯಿತಿ ಇದೆ. ಅದು 28(2). ಇಂಥವು ಅಪರೂಪ, ಬಿಡಿ.

ಇನ್ನು ಸರ್ಕಾರದ ಅನುದಾನ ಪಡೆಯುವ, ಅಥವಾ ಬರೀ ಮಾನ್ಯತೆ ಪಡೆದ ಖಾಸಗಿ ಶಾಲೆಗಳು. ಮಠದ ಶಾಲೆ, ಕಾನ್ವೆಂಟ್, ಮುಸ್ಲಿಂ ಸಂಸ್ಥೆಗಳ ಶಾಲೆ ಎಲ್ಲ ಇಲ್ಲಿ ಬರುತ್ತವೆ. ಇವುಗಳಲ್ಲಿ ಧರ್ಮಬೋಧನೆ, ಪೂಜೆ, ಪ್ರಾರ್ಥನೆ ಇರಬಹುದು. ಆದರೆ ಯಾರನ್ನೂ ಅದಕ್ಕೆ ಬಲವಂತ ಮಾಡುವ ಹಾಗಿಲ್ಲ. ಮಗು ಚಿಕ್ಕದಾದರೆ ತಂದೆ ತಾಯಿಯ ಒಪ್ಪಿಗೆ ಬೇಕು. ಇದು 28(3). ಅಲ್ಪಸಂಖ್ಯಾತರ ಶಾಲೆ ಅಂದ ಮಾತ್ರಕ್ಕೆ ಈ ನಿಯಮ ಬಿಟ್ಟುಹೋಗುವುದಿಲ್ಲ. 30ನೇ ವಿಧಿ ಅವರಿಗೆ ಶಾಲೆ ಕಟ್ಟುವ, ನಡೆಸುವ ಹಕ್ಕು ಕೊಡುತ್ತದೆ. ಬೇರೆಯವರ ಮಗುವನ್ನು ಎಳೆದು ಕೂರಿಸುವ ಹಕ್ಕನ್ನಲ್ಲ.

ನಿಮ್ಮ ಶಾಲೆ ಯಾವುದು ಅಂತ ಅನುಮಾನವಿದ್ದರೆ ಬೋರ್ಡ್ ನೋಡಿ ತೀರ್ಮಾನಿಸಬೇಡಿ. ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ (ಶಾಲೆಗಳ ಸರ್ಕಾರಿ ಮಾಹಿತಿ ಪಟ್ಟಿ) ಕೋಡ್ ಇರುತ್ತದೆ. ಯುಡೈಸ್ ವೆಬ್‌ಸೈಟಿನಲ್ಲಿ ಅದನ್ನು ಹಾಕಿದರೆ ಆಡಳಿತ ಯಾರದು, ಅನುದಾನಿತವೋ ಅನುದಾನರಹಿತವೋ ಅಂತ ಬರುತ್ತದೆ. ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಲ್ಲಿ ಕೇಳಿದರೂ ಹೇಳುತ್ತಾರೆ.

ಎರಡನೇ ಹೆಜ್ಜೆ: ನಡೆಯುತ್ತಿರುವುದು ಬೋಧನೆಯಾ, ಪಾಠವಾ?

"ಧಾರ್ಮಿಕ ಬೋಧನೆ" ಅಂದರೆ ಏನು? ಸಂವಿಧಾನ ಸಭೆಯಲ್ಲೇ ಈ ಪ್ರಶ್ನೆ ಎದ್ದಿತ್ತು. 1948ರ ಡಿಸೆಂಬರ್‌ನಲ್ಲಿ ಅಂಬೇಡ್ಕರ್ ಉತ್ತರ ಕೊಟ್ಟರು. ಇಂಥ ದೇವರನ್ನು ನಂಬು, ಇಂಥವರನ್ನೇ ಕೊನೆಯ ಪ್ರವಾದಿ ಅಂತ ಒಪ್ಪಿಕೋ ಎಂದು ಹೇಳಿಕೊಡುವುದು ಬೋಧನೆ. ಒಂದು ಧರ್ಮ ಏನು ಹೇಳುತ್ತದೆ ಅಂತ ಓದಿ ತಿಳಿಯುವುದು ಅಧ್ಯಯನ. ಎರಡೂ ಬೇರೆ ಅಂದರು ಅವರು.

ಕೋರ್ಟುಗಳೂ ಅದೇ ದಾರಿಯಲ್ಲಿ ನಡೆದಿವೆ. ಗುರುನಾನಕರ ಬದುಕು ಮತ್ತು ಉಪದೇಶವನ್ನು ವಿಶ್ವವಿದ್ಯಾಲಯ ಅಧ್ಯಯನ ಮಾಡುವುದು ಧರ್ಮಬೋಧನೆಯಲ್ಲ ಅಂತ ಪಂಜಾಬಿನ ಡಿಎವಿ ಕಾಲೇಜು ಪ್ರಕರಣದಲ್ಲಿ 1971ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2002ರ ಅರುಣಾ ರಾಯ್ ಪ್ರಕರಣದಲ್ಲಿ, ಎಲ್ಲ ಧರ್ಮಗಳ ಬಗ್ಗೆ ಮಕ್ಕಳಿಗೆ ತಿಳಿಸಿಕೊಡುವುದಕ್ಕೆ 28(1) ಅಡ್ಡಿಯಲ್ಲ ಅಂದಿತು.

ಇದನ್ನು ಕ್ಲಾಸ್‌ರೂಮಿಗೆ ತಂದು ನೋಡಿ. ಸಮಾಜ ಪಾಠದಲ್ಲಿ ಬಸವಣ್ಣ, ಬುದ್ಧ, ಏಸು, ಪೈಗಂಬರ್ ಬಂದರೆ ಅದು ಪಾಠ. ಕನ್ನಡ ಮೇಷ್ಟ್ರು ವಚನ ಹಾಡಿಸಿ ಅರ್ಥ ಬಿಡಿಸಿದರೆ ಅದೂ ಪಾಠ. "ನಾಳೆಯಿಂದ ದಿನಾ ಹೀಗೆ ಜಪ ಮಾಡಿ, ಇಲ್ಲಾಂದ್ರೆ ಪಾಪ ಬರುತ್ತೆ" ಅಂದರೆ ಅದು ಬೋಧನೆ. ನಾನು ಬಳಸುವ ಒರೆಗಲ್ಲು ಸುಲಭ: ಇದನ್ನು ನಂಬದ ಮಗು ಕೂಡ ಪರೀಕ್ಷೆಯಲ್ಲಿ ಪೂರ್ತಿ ಮಾರ್ಕ್ಸ್ ತೆಗೆಯಬಹುದಾ? ತೆಗೆಯಬಹುದು ಅಂದರೆ ಪಾಠ.

ಇಲ್ಲೊಂದು ತೊಡಕಿದೆ, ಮುಚ್ಚಿಡಬಾರದು. 28(1)ರಲ್ಲಿ ಇರುವುದು "ಬೋಧನೆ" ಅನ್ನುವ ಪದ ಮಾತ್ರ. "ಪೂಜೆ" ಅನ್ನುವುದು ಬರುವುದು 28(3)ರಲ್ಲಿ. ಹಾಗಾಗಿ ಸರ್ಕಾರಿ ಶಾಲೆಯಲ್ಲಿ ಒಂದು ಫೋಟೋಗೆ ಹೂ ಮುಡಿಸಿದ ತಕ್ಷಣ ಕಾನೂನು ಮುರಿದಂತೆ ಅಂತ ಹಾರಾಡಿದರೆ ಎದುರಿನವರಿಗೆ ಉತ್ತರ ಸಿಕ್ಕಿಬಿಡುತ್ತದೆ. ಅದರ ಬದಲು ಬಲವಂತದ ಕಡೆ ಬೊಟ್ಟು ಮಾಡಿ. ಯಾವ ಮಗುವನ್ನು ಸಾಲಿನಲ್ಲಿ ನಿಲ್ಲಿಸಿದರು, ಯಾರ ಹಣೆಗೆ ಹಚ್ಚಿದರು, ಬೇಡ ಅಂದವನಿಗೆ ಏನಾಯಿತು? ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಡುವ 25ನೇ ವಿಧಿ ಅಲ್ಲಿ ನಿಮ್ಮ ಕಡೆ ಇರುತ್ತದೆ. ನಮ್ಮದೇ ಕರ್ನಾಟಕ ಶಿಕ್ಷಣ ಕಾಯ್ದೆ, 1983 ಕೂಡ ಪೀಠಿಕೆಯಲ್ಲೇ ವೈಜ್ಞಾನಿಕ ಮತ್ತು ಜಾತ್ಯತೀತ ದೃಷ್ಟಿಕೋನ ಬೆಳೆಸುವ ಮಾತಾಡುತ್ತದೆ.

ಮೂರನೇ ಹೆಜ್ಜೆ: ಬೆಳಗಿನ ಪ್ರಾರ್ಥನೆಯನ್ನು ಬಿಡಿಸಿ ನೋಡಿ

ಪ್ರಾರ್ಥನೆ ಅಂತ ನಾವು ಒಂದೇ ಹೆಸರಲ್ಲಿ ಕರೆಯುವುದರೊಳಗೆ ನಾಲ್ಕೈದು ಸಂಗತಿ ಇರುತ್ತವೆ: ನಾಡಗೀತೆ, ರಾಷ್ಟ್ರಗೀತೆ, ಸಂವಿಧಾನದ ಪೀಠಿಕೆ ಓದುವುದು, ಪತ್ರಿಕೆ ಓದುವುದು, ಒಂದು ಸ್ತುತಿ ಅಥವಾ ಶ್ಲೋಕ. ಪೀಠಿಕೆ ಓದುವುದನ್ನು ಕಡ್ಡಾಯ ಮಾಡಲು ರಾಜ್ಯ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಇವುಗಳಲ್ಲಿ ತಕರಾರು ಏಳುವುದು ಕೊನೆಯದರ ಬಗ್ಗೆ ಮಾತ್ರ.

ಸಂಸ್ಕೃತ ಶ್ಲೋಕ ಅಂದರೆ ಧಾರ್ಮಿಕವಾ? ಕೇಂದ್ರೀಯ ವಿದ್ಯಾಲಯಗಳಲ್ಲಿ ಹೇಳಿಸುವ "ಅಸತೋ ಮಾ ಸದ್ಗಮಯ" ಬಗ್ಗೆ ಇದೇ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ಸುಪ್ರೀಂ ಕೋರ್ಟಿನ ಧ್ಯೇಯವಾಕ್ಯವೇ "ಯತೋ ಧರ್ಮಸ್ತತೋ ಜಯಃ" ಅಲ್ವಾ ಅಂತ ಸರ್ಕಾರದ ಪರ ವಕೀಲರು ಕೇಳಿದರು. 2019ರ ಜನವರಿಯಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ, ಇದನ್ನು ಇನ್ನೂ ದೊಡ್ಡದಾದ ಸಂವಿಧಾನ ಪೀಠವೇ ನೋಡಲಿ ಅಂತ ಮೇಲಕ್ಕೆ ಕಳಿಸಿತು. ಆದ್ದರಿಂದ "ಶ್ಲೋಕ ಹೇಳಿಸುವುದು ಕಾನೂನುಬಾಹಿರ" ಅಂತ ಯಾರಾದರೂ ಗಟ್ಟಿಯಾಗಿ ಹೇಳಿದರೆ ನಂಬಬೇಡಿ. ಪೂರ್ತಿ ಸರಿ ಅಂದರೂ ನಂಬಬೇಡಿ.

ಗಟ್ಟಿಯಾಗಿ ನಿಂತಿರುವ ತೀರ್ಪು ಬೇರೆಯದು. 1985ರಲ್ಲಿ ಕೇರಳದ ಶಾಲೆಯೊಂದರಿಂದ ಮೂವರು ಮಕ್ಕಳನ್ನು ಹೊರಹಾಕಿದರು. ಯೆಹೋವನ ಸಾಕ್ಷಿಗಳು ಅನ್ನುವ ಕ್ರೈಸ್ತ ಪಂಗಡದವರು. ರಾಷ್ಟ್ರಗೀತೆ ಶುರುವಾದಾಗ ಎಲ್ಲರ ಜೊತೆ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ತಮ್ಮ ದೇವರ ಬಿಟ್ಟು ಬೇರೆ ಯಾವುದಕ್ಕೂ ಪ್ರಾರ್ಥನೆ ಹಾಡಬಾರದು ಅನ್ನುವುದು ಅವರ ನಂಬಿಕೆ. 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಗೌರವದಿಂದ ಎದ್ದು ನಿಂತರೆ ಸಾಕು, ಬಾಯಿ ಬಿಟ್ಟು ಹಾಡು ಅಂತ ಬಲವಂತ ಮಾಡುವಂತಿಲ್ಲ, ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂದಿತು. ಬಿಜೋ ಇಮ್ಯಾನುಯೆಲ್ ಪ್ರಕರಣ ಅಂತ ಇದಕ್ಕೆ ಹೆಸರು. ಹೆಸರು ನೆನಪಿಟ್ಟುಕೊಳ್ಳಿ. ಬಿಇಓ ಮುಂದೆ ಕೂತಾಗ ಉಪಯೋಗಕ್ಕೆ ಬರುತ್ತದೆ. ರಾಷ್ಟ್ರಗೀತೆಯ ವಿಷಯದಲ್ಲೇ ಹೀಗಾದರೆ ಸ್ತುತಿ, ಶ್ಲೋಕದ ಮಾತು ಹೇಳಬೇಕಾ?

ಮೇಷ್ಟ್ರುಗಳಿಗೂ ಇದೇ ರಕ್ಷಣೆ ಇದೆ. ನಾಸಿಕ್‌ನ ಒಂದು ಅನುದಾನಿತ ಶಾಲೆಯ ಶಿಕ್ಷಕರೊಬ್ಬರು ಪ್ರಾರ್ಥನೆಯಲ್ಲಿ ನಿಲ್ಲುತ್ತಿದ್ದರು, ಕೈ ಮಾತ್ರ ಮುಗಿಯುತ್ತಿರಲಿಲ್ಲ. ಆಡಳಿತ ಮಂಡಳಿಗೆ ಅದು ಅಶಿಸ್ತಾಗಿ ಕಂಡಿತು, ಸಂಬಳದ ಶ್ರೇಣಿ ತಡೆಯಿತು. ಕೈ ಮುಗಿ ಅಂತ ಯಾರನ್ನೂ ಬಲವಂತ ಮಾಡುವಂತಿಲ್ಲ ಅಂತ 2013ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಇದನ್ನು ಓದಿದಾಗ ನಮ್ಮ ವಸತಿ ಶಾಲೆಗಳ ಬಾಗಿಲ ಮೇಲಿನ "ಜ್ಞಾನ ದೇಗುಲವಿದು, ಕೈ ಮುಗಿದು ಒಳಗೆ ಬಾ" ನೆನಪಾಯಿತು. 2024ರ ಫೆಬ್ರವರಿಯಲ್ಲಿ ಕೆಲವು ಕಡೆ ಅದನ್ನು ಅಳಿಸಿ "ಧೈರ್ಯವಾಗಿ ಪ್ರಶ್ನಿಸಿ" ಅಂತ ಬರೆಸಿ ದೊಡ್ಡ ಗಲಾಟೆಯೇ ಆಯಿತು. ನನ್ನ ಕೇಳಿದರೆ ಗೋಡೆಯ ಮೇಲಿನ ಸಾಲು ಯಾರ ಕೈಯನ್ನೂ ಹಿಡಿದು ಜೋಡಿಸುವುದಿಲ್ಲ. ಜೋಡಿಸುವುದು ಅದರ ಕೆಳಗೆ ನಿಂತ ಮನುಷ್ಯ.

ನಾಲ್ಕನೇ ಹೆಜ್ಜೆ: ಒಂದು ಪತ್ರ ಬರೆಯಿರಿ

ಬಾಯಿಮಾತಿನಲ್ಲಿ ಹೇಳಿದ್ದು ಜೂನ್‌ನಲ್ಲಿ ನೆನಪಿದ್ದರೂ ಆಗಸ್ಟ್‌ಗೆ ಮರೆತುಹೋಗುತ್ತದೆ. ಮೇಷ್ಟ್ರುಗಳಿಗೆ ವರ್ಗಾವಣೆಯೂ ಆಗುತ್ತದೆ. ಮೊದಲು ಮುಖ್ಯ ಶಿಕ್ಷಕರ ಹತ್ತಿರ ಕೂತು ಮಾತಾಡಿ, ಆಮೇಲೆ ಪತ್ರ ಕೊಡಿ. ಈ ಕ್ರಮ ತಪ್ಪಿದರೆ ಮೇಷ್ಟ್ರು ಮೊದಲ ದಿನವೇ ಮುಖ ಗಂಟು ಹಾಕಿಕೊಳ್ಳುತ್ತಾರೆ. ನಾವು ಆ ಹುಡುಗನ ಅಪ್ಪನಿಗೆ ಬರೆದುಕೊಟ್ಟ ಪತ್ರ ಹೆಚ್ಚುಕಡಿಮೆ ಹೀಗಿತ್ತು:

"ಮಾನ್ಯ ಮುಖ್ಯ ಶಿಕ್ಷಕರೇ, ನನ್ನ ಮಗ ತಮ್ಮ ಶಾಲೆಯ 5ನೇ ತರಗತಿಯಲ್ಲಿ ಓದುತ್ತಿದ್ದಾನೆ. ಶಾಲೆಯಲ್ಲಿ ನಡೆಯುವ ಪೂಜೆ ಹಾಗೂ ಧಾರ್ಮಿಕ ಆಚರಣೆಗಳಲ್ಲಿ ಅವನು ಭಾಗವಹಿಸಲು ನನ್ನ ಒಪ್ಪಿಗೆ ಇಲ್ಲ. ಸಂವಿಧಾನದ 25 ಮತ್ತು 28ನೇ ವಿಧಿಯ ಪ್ರಕಾರ ಅವನಿಗೆ ವಿನಾಯಿತಿ ಕೊಡಬೇಕೆಂದು ಕೋರುತ್ತೇನೆ. ಆ ಹೊತ್ತಿನಲ್ಲಿ ಅವನು ತರಗತಿಯಲ್ಲಿ ಓದುತ್ತಾ ಕೂರಲು ನನ್ನ ಅಭ್ಯಂತರವಿಲ್ಲ. ನಾಡಗೀತೆ, ರಾಷ್ಟ್ರಗೀತೆ, ಪೀಠಿಕೆ ವಾಚನಕ್ಕೆ ಅವನು ಎಂದಿನಂತೆ ಹಾಜರಿರುತ್ತಾನೆ."

ಕೊನೆಯ ಎರಡು ವಾಕ್ಯ ಬಿಡಬೇಡಿ. ಮಗು ಎಲ್ಲಿರಬೇಕು ಅನ್ನುವುದನ್ನು ನೀವೇ ಹೇಳಿಬಿಟ್ಟರೆ ಮೇಷ್ಟ್ರಿಗೂ ಸುಲಭ. ಮಗುವನ್ನು ಬಿಸಿಲಲ್ಲಿ ಗೇಟಿನ ಹೊರಗೆ ನಿಲ್ಲಿಸುವುದೂ ತಪ್ಪುತ್ತದೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ತಗೊಳ್ಳಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ.

ಖಾಸಗಿ ಶಾಲೆಯವರು ಇನ್ನೊಂದು ಕಾಗದ ಹುಷಾರಾಗಿ ನೋಡಬೇಕು: ಪ್ರವೇಶದ ಅರ್ಜಿ. 2022ರಲ್ಲಿ ಬೆಂಗಳೂರಿನ ಒಂದು ಶಾಲೆ ಮಕ್ಕಳು ಬೈಬಲ್ ತರಬೇಕು ಅನ್ನುತ್ತದೆ ಅಂತ ಸುದ್ದಿಯಾಯಿತು. ನೋಡಿದರೆ ಅರ್ಜಿಯಲ್ಲೇ "ನಮ್ಮ ಆಕ್ಷೇಪಣೆ ಇಲ್ಲ" ಎಂಬ ಸಾಲಿತ್ತು, ಪೋಷಕರು ಸಹಿ ಹಾಕಿದ್ದರು. ಹತ್ತು ಪುಟದ ಅರ್ಜಿಗೆ ಸುಮ್ನೆ ಸಹಿ ಹಾಕುವವರೇ ಜಾಸ್ತಿ. ಅಂಥ ಸಾಲು ಕಂಡರೆ ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ ಕೊಡಿ. ಸೀಟು ಕೊಡಲ್ಲ ಅಂದರೆ ಬರವಣಿಗೆಯಲ್ಲಿ ಕೇಳಿ. ಸರ್ಕಾರದ ದುಡ್ಡು ಪಡೆಯುವ ಶಾಲೆ ಬರೀ ಧರ್ಮದ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. 29(2)ನೇ ವಿಧಿ ಅದನ್ನೇ ಹೇಳುತ್ತದೆ.

ಐದನೇ ಹೆಜ್ಜೆ: ಬಟ್ಟೆಯ ವಿಷಯದಲ್ಲಿ ಆತುರ ಬೇಡ

ಹಿಜಾಬ್, ಕೇಸರಿ ಶಾಲು. 2022ರ ಆರಂಭದಲ್ಲಿ ಉಡುಪಿಯಿಂದ ಶುರುವಾದದ್ದು ಇಡೀ ರಾಜ್ಯಕ್ಕೆ ಹಬ್ಬಿತು. 2022ರ ಫೆಬ್ರವರಿ 5ರಂದು ಸರ್ಕಾರ ಶಿಕ್ಷಣ ಕಾಯ್ದೆಯ 133ನೇ ಸೆಕ್ಷನ್ ಅಡಿ ಆದೇಶ ಹೊರಡಿಸಿತು. ಸರ್ಕಾರಿ ಶಾಲೆಯಲ್ಲಿ ಸರ್ಕಾರ ಗೊತ್ತು ಮಾಡಿದ್ದು, ಖಾಸಗಿಯಲ್ಲಿ ಆಡಳಿತ ಮಂಡಳಿ ಗೊತ್ತು ಮಾಡಿದ್ದು, ಪಿಯು ಕಾಲೇಜಿನಲ್ಲಿ ಕಾಲೇಜು ಅಭಿವೃದ್ಧಿ ಸಮಿತಿ ಹೇಳಿದ್ದೇ ಸಮವಸ್ತ್ರ ಅಂತ. ಮಾರ್ಚ್ 15ರಂದು ಹೈಕೋರ್ಟಿನ ಮೂವರ ಪೀಠ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಎರಡಾಯಿತು. ನ್ಯಾ. ಹೇಮಂತ್ ಗುಪ್ತಾ ಮೇಲ್ಮನವಿ ವಜಾ ಮಾಡಿದರು, ನ್ಯಾ. ಸುಧಾಂಶು ಧುಲಿಯಾ ಮೇಲ್ಮನವಿಯನ್ನು ಒಪ್ಪಿದರು. ವಿಷಯ ದೊಡ್ಡ ಪೀಠಕ್ಕೆ ಹೋಯಿತು. ಆಮೇಲೆ ರಾಜ್ಯದಲ್ಲಿ ಸರ್ಕಾರ ಬದಲಾಯಿತು, ಮಾತುಗಳೂ ಬದಲಾದವು.

ಹಾಗಾಗಿ ಇಲ್ಲಿ ಹಳೆಯ ಸುದ್ದಿ ನಂಬಿ ಮಗುವನ್ನು ಗೇಟಿಗೆ ಕಳಿಸಬೇಡಿ. ಈ ವರ್ಷದ ಸಮವಸ್ತ್ರ ಸುತ್ತೋಲೆಯ ಪ್ರತಿ ಕೇಳಿ, ಓದಿ. ಸುತ್ತೋಲೆಯಲ್ಲಿ ಇಲ್ಲದ್ದನ್ನು ಗೇಟಿನಲ್ಲಿ ನಿಂತವರು ಹೇಳಿದರೆ ಬರೆದುಕೊಡಿ ಅನ್ನಿ. 2025ರ ಏಪ್ರಿಲ್‌ನ ಸಿಇಟಿಯಲ್ಲಿ ಆದದ್ದು ಅದೇ ಅಲ್ವಾ? ಬೀದರ್‌ನ ಕೇಂದ್ರವೊಂದರಲ್ಲಿ ಜನಿವಾರ ತೆಗೆಯಲು ಒಪ್ಪದ ಹುಡುಗ ಗಣಿತ ಪರೀಕ್ಷೆ ಬರೆಯಲಾಗದೆ ವಾಪಸ್ ಹೋದ. ಹಾಗೆ ತೆಗೆಸಿ ಅಂತ ನಾವು ಹೇಳಿರಲಿಲ್ಲ ಅಂದಿತು ಸರ್ಕಾರ. ನಿಯಮ ಒಂದಿತ್ತು, ಬಾಗಿಲಲ್ಲಿ ನಡೆದದ್ದು ಇನ್ನೊಂದು.

ಚಿಕ್ಕಪುಟ್ಟವು

ಗಣೇಶನ ಹಬ್ಬ, ಕ್ರಿಸ್‌ಮಸ್, ಈದ್: ಮಕ್ಕಳಿಗೆ ಹಬ್ಬದ ಪರಿಚಯ ಮಾಡಿಸುವುದು, ಹಾಡು, ನಾಟಕ, ಪಾಯಸ ತೊಂದರೆಯಿಲ್ಲ. ಹಬ್ಬಕ್ಕೆ ಅಂತ ಮಕ್ಕಳಿಂದ ಕಡ್ಡಾಯವಾಗಿ ದುಡ್ಡು ಎತ್ತುವುದು ಬೇಡ. 6ರಿಂದ 14 ವರ್ಷದ ಮಕ್ಕಳಿಗೆ ಸರ್ಕಾರಿ ಶಾಲೆ ಉಚಿತ, ಅದು ಶಿಕ್ಷಣದ ಹಕ್ಕಿನ, ಅಂದರೆ ಆರ್‌ಟಿಇ ಕಾಯ್ದೆ. ನಮ್ಮಲ್ಲಿ ಒಮ್ಮೆ ಗಣೇಶನಿಗೆ ತಲಾ 50 ರೂಪಾಯಿ ಅಂತ ಡೈರಿಯಲ್ಲಿ ಬರೆಸಿದ್ದರು. ಕೊಡದವರ ಹೆಸರು ಬೋರ್ಡಿನ ಮೂಲೆಯಲ್ಲಿತ್ತು. ಅದರಲ್ಲಿ ಮೂರು ಹೆಸರು ಗಣೇಶನ ಭಕ್ತರದ್ದೇ, ಅವರ ಹತ್ತಿರ ದುಡ್ಡಿರಲಿಲ್ಲ ಅಷ್ಟೇ.

ಮೊಟ್ಟೆ: ಬಿಸಿಯೂಟದಲ್ಲಿ ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು ಕೊಡುವ ಪದ್ಧತಿ ಇದೆ. ತಿನ್ನು ಅನ್ನುವಂತಿಲ್ಲ. ತಿನ್ನುವ ಮಗುವಿಗೆ ಬೇಡ ಅನ್ನುವುದೂ ಸರಿಯಲ್ಲ. ಪಂಕ್ತಿ ಬೇರೆ ಮಾಡುವುದಂತೂ ಬೇಡವೇ ಬೇಡ.

ಶಾಲೆಯ ಮೈದಾನ: ಭಾನುವಾರ ಭಜನೆ, ಸಂಘದ ಬೈಠಕ್, ಪ್ರಾರ್ಥನಾ ಕೂಟಕ್ಕೆ ಮೈದಾನ ಕೇಳಿದರೆ ಎಸ್‌ಡಿಎಂಸಿ ತಾನೇ ಹೂಂ ಅನ್ನುವುದು ಬೇಡ. ಸರ್ಕಾರಿ ಜಾಗ ಬಳಸಲು ಖಾಸಗಿ ಸಂಘ ಸಂಸ್ಥೆಗಳು ಮೊದಲೇ ಅನುಮತಿ ಪಡೆಯಬೇಕು ಅಂತ 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಆದೇಶ ಮಾಡಿತು. ಅದೇ ತಿಂಗಳು ಹೈಕೋರ್ಟಿನ ಧಾರವಾಡ ಪೀಠ ಮಧ್ಯಂತರ ತಡೆ ಕೊಟ್ಟಿತು. ಕೇಳಿದವರಿಗೆ ಬಿಇಓ ಆಫೀಸಿನ ದಾರಿ ತೋರಿಸಿ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಅಂದರೆ ಜಗಳ ನಿಮ್ಮ ಮನೆ ಬಾಗಿಲಿಗೇ ಬರುತ್ತದೆ.

ಮಾತಿಗೆ ಬಗ್ಗದಿದ್ದರೆ

ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ, ಬಿಇಓ, ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು). ದೂರು ಹೋಗಬೇಕಾದ ಕ್ರಮ ಇದು. ಎಸ್‌ಡಿಎಂಸಿಯಲ್ಲಿ ಬಹುಪಾಲು ಪೋಷಕರೇ ಇರಬೇಕು ಅಂತ ಕಾಯ್ದೆಯಿದೆ. ಆದ್ದರಿಂದ ಅಲ್ಲೇ ಮುಗಿಯುವ ಸಾಧ್ಯತೆ ಜಾಸ್ತಿ. ಸಭೆಯ ನಡಾವಳಿ ಪುಸ್ತಕದಲ್ಲಿ ನಿಮ್ಮ ಮಾತು ಬರೆಸಿ.

ದೂರಿನಲ್ಲಿ ಸಿಟ್ಟು ಬರೆಯಬೇಡಿ, ಘಟನೆ ಬರೆಯಿರಿ. ಯಾವ ತಾರೀಖು, ಯಾವ ಪೀರಿಯಡ್, ಯಾರು ಏನಂದರು. "ನಮ್ಮ ಧರ್ಮಕ್ಕೆ ಅವಮಾನ" ಅಂತ ಶುರು ಮಾಡಿದ ದೂರು ಪೇಪರಿಗೆ ಹೋಗುತ್ತದೆ, ಪರಿಹಾರಕ್ಕೆ ಹೋಗುವುದಿಲ್ಲ. ವಾಟ್ಸಾಪ್ ಗುಂಪಿಗೆ ವಿಡಿಯೋ ಹಾಕುವುದಂತೂ ಬೇಡ. ಅದರಲ್ಲಿ ಬೇರೆಯವರ ಮಕ್ಕಳ ಮುಖ ಇರುತ್ತದೆ.

ಯಾವ ಆದೇಶದ ಮೇಲೆ ಈ ಕಾರ್ಯಕ್ರಮ ಮಾಡಿಸುತ್ತಿದ್ದೀರಿ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಎಷ್ಟೋ ಸಲ ಆದೇಶವೇ ಇರುವುದಿಲ್ಲ, ಹಿಂದಿನವರು ಮಾಡುತ್ತಿದ್ದರು ಅಂತ ನಡೆದುಕೊಂಡು ಬಂದಿರುತ್ತದೆ.

ಬೇಡ ಅಂದ ಮಗುವಿಗೆ ಹೊಡೆದರೆ, ಹಂಗಿಸಿದರೆ, ಹೊರಗೆ ನಿಲ್ಲಿಸಿದರೆ ಅದು ಧರ್ಮದ ವಿಷಯವಷ್ಟೇ ಅಲ್ಲ. ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ಆರ್‌ಟಿಇ ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಬಹುದು. ಕೊನೆಯದಾಗಿ ಹೈಕೋರ್ಟಿಗೆ ರಿಟ್ ಅರ್ಜಿ. ಬೆಂಗಳೂರು, ಧಾರವಾಡ, ಕಲಬುರಗಿ ಮೂರು ಕಡೆ ಪೀಠ ಇದೆ. ಅಲ್ಲಿಗೆ ಹೋಗುವಷ್ಟರಲ್ಲಿ ಮಗು ಏಳನೇ ಕ್ಲಾಸಿಗೆ ಬಂದಿರಬಹುದು, ಅದನ್ನೂ ಲೆಕ್ಕ ಹಾಕಿಕೊಳ್ಳಿ.

ನಮ್ಮ ಶಾಲೆಯ ಕೇಸು ಅಷ್ಟು ದೂರ ಹೋಗಲಿಲ್ಲ. ಮುಖ್ಯ ಶಿಕ್ಷಕರು ಪತ್ರ ಎರಡು ಸಲ ಓದಿದರು, ಕನ್ನಡಕ ತೆಗೆದು ಒರೆಸಿಕೊಂಡರು, ಫೈಲಿಗೆ ಸೇರಿಸಿದರು. ಮುಂದಿನ ಶುಕ್ರವಾರದಿಂದ ಮಕ್ಕಳನ್ನು ಸಾಲು ನಿಲ್ಲಿಸುವುದು ಬಿಟ್ಟರು. ಕುಂಕುಮದ ಬಟ್ಟಲು ಆಫೀಸ್ ರೂಮಿನ ಟೇಬಲ್ ಮೇಲೆ ಇಟ್ಟರು, ಬೇಕಾದವರು ಹೋಗಿ ಹಚ್ಚಿಕೊಳ್ಳಬೇಕು. ಕಲ್ಲುಸಕ್ಕರೆಯನ್ನು ಪೂಜೆಯಿಂದ ಬಿಡಿಸಿ ಮಧ್ಯಾಹ್ನದ ಊಟದ ಜೊತೆ ಕೊಡಲು ಶುರು ಮಾಡಿದರು. ಅವತ್ತು ಆ ಹುಡುಗ ಎರಡು ಸಲ ತಗೊಂಡ ಅಂತ ಅಡುಗೆಯಕ್ಕ ಹೇಳಿದರು.